ಸೋಮವಾರದ ಬಾಡಿಗೆ

ನೊಶಿರೊದಲ್ಲಿ ಹತ್ತೊಂಬತ್ತು ಚಳಿಗಾಲ ಟ್ಯಾಕ್ಸಿ ಓಡಿಸಿದ್ದೇನೆ.
ನನ್ನ ಬಾಡಿಗೆಯಲ್ಲಿ ಅರ್ಧದಷ್ಟು ಡಯಾಲಿಸಿಸ್‌ನವರು.
ಸೋಮ, ಬುಧ, ಶುಕ್ರ. ಬೆಳಗಿನ ಏಳಕ್ಕೆ ಹೋಗುವುದು,
ಮಧ್ಯಾಹ್ನ ಒಂದೂವರೆಗೆ ಬರುವುದು.
ಹೋಗುವಾಗ ಮಾತು, ಬರುವಾಗ ನಿದ್ದೆ.

ಆಸ್ಪತ್ರೆಯಲ್ಲಿ ಯಂತ್ರವಿದೆ, ತಕ್ಕಡಿಯಿದೆ,
ರಕ್ತದ ಲೆಕ್ಕ ಬರೆದ ಹಾಳೆಗಳಿವೆ.
ನನಗಿರುವುದು ಹಿಂದಿನ ಸೀಟು ಕಾಣುವ ಒಂದು ಕನ್ನಡಿ,
ಹತ್ತಿಸುವಾಗ ಹಿಡಿದ ಮೊಣಕೈಯ ಭಾರ.

ಶುಕ್ರವಾರ ಬೂಟಿನೊಳಗೆ ಸಲೀಸಾಗಿ ಇಳಿದ ಕಾಲು
ಸೋಮವಾರ ಬೂಟಿನ ಹಿಂಬದಿ ತುಳಿದುಕೊಂಡೇ ಬರುತ್ತದೆ.
ಎರಡು ರಾತ್ರಿಯ ಬದಲು ಮೂರು ರಾತ್ರಿ.
ವಾರದಲ್ಲಿ ಆ ಒಂದು ಹೊಲಿಗೆ ಮಾತ್ರ ಉದ್ದ,
ದಾರ ಕಿತ್ತುಬರುವುದೂ ಅಲ್ಲೇ.
"ಇವತ್ತು ಕಾರು ಬೇಡ" ಎಂದು ಮನೆಯವರು ಫೋನ್ ಮಾಡುವುದು
ಹೆಚ್ಚಾಗಿ ಸೋಮವಾರವೇ.
ಯಾಕೆಂದು ಕೇಳುವುದಿಲ್ಲ. ಹೂಂ ಅನ್ನುತ್ತೇನೆ,
ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆಯುತ್ತೇನೆ.

ಫುನಾಕಿ ಏಡಿ ಹಿಡಿಯುವ ದೋಣಿಯಲ್ಲಿದ್ದವನು.
ಹೊಗೆ ಹಾಕಿದ ಮೂಲಂಗಿ ಉಪ್ಪಿನಕಾಯಿ ಇಲ್ಲದೆ ಅವನಿಗೆ ಅನ್ನ ಇಳಿಯದು.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ಕುಡಿದ ನೀರಿಗೆ ಹೊರಬಾಗಿಲೇ ಇಲ್ಲದವನು?
ನಾಲ್ಕೂವರೆ ಕಿಲೋ ಏರಿಸಿಕೊಂಡು ಹತ್ತುತ್ತಿದ್ದ;
ತಕ್ಕಡಿಗಿಂತ ಮೊದಲು ನನ್ನ ಕಾರಿನ ಸ್ಪ್ರಿಂಗು ಹೇಳುತ್ತಿತ್ತು.
"ಹಸಿವು ಬೊಗಳುತ್ತೆ ಅಷ್ಟೇ ಮಾರಾಯ, ಕಚ್ಚುವುದು ಬಾಯಾರಿಕೆ."
ಮೂರನೆಯ ಮಾರ್ಚ್ ತಿಂಗಳನ್ನು ಅವನು ನೋಡಲಿಲ್ಲ.

ಹಾಗಂತ ಲೆಕ್ಕ ಸುಲಭ ಅಂದುಕೊಳ್ಳಬೇಡಿ.
ಪಥ್ಯ ಮಾಡಿ ಮಾಡಿ, ತಟ್ಟೆಯಲ್ಲಿದ್ದುದನ್ನೆಲ್ಲ ಶತ್ರುವೆಂದು ಬಗೆದು,
ಕೋಟಿನೊಳಗೆ ಇನ್ನೊಂದು ಖಾಲಿ ಕೋಟಾದ ಇವಾಯ ಮೇಷ್ಟ್ರು
ಫುನಾಕಿಗಿಂತ ಒಂದು ವರ್ಷ ಮೊದಲೇ ಹೋದರು.
ಮೊಟ್ಟೆ ತಿನ್ನಿ, ಮೀನು ತಿನ್ನಿ ಎಂದು ನರ್ಸು
ಕಾರಿನ ತನಕ ಬಂದು ಗದರಿದ್ದು ನನಗೆ ನೆನಪಿದೆ.

ಕುಡೊ ಮಾತ್ರ ಮೂವತ್ತೊಂದು ವರ್ಷ.
ಅವನ ಎಡಗೈ ಹಗ್ಗ ಸುತ್ತಿದ ಗೂಟದಂತಿದೆ.
ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ "ಮುಟ್ಟಿ ನೋಡು" ಎಂದ.
ಚರ್ಮದಡಿ ಏನೋ ಗುರುಗುಡುತ್ತಿತ್ತು,
ನ್ಯೂಟ್ರಲ್ಲಿನಲ್ಲಿ ನಿಂತ ಕಾರಿನ ಗೇರು ನಡುಗುವ ಹಾಗೆ.
ರಾತ್ರಿ ಮಲಗುವ ಮುನ್ನ ಕಿವಿಗಿಟ್ಟು ಕೇಳುತ್ತಾನಂತೆ.
ಆ ಕೈಗೆ ವಾಚು ಕಟ್ಟಿಲ್ಲ, ಆ ಕೈಯಲ್ಲಿ ಚೀಲ ಹಿಡಿದಿಲ್ಲ,
ಆ ಮಗ್ಗುಲಿಗೆ ಮಲಗಿಲ್ಲ, ಮದುವೆಯ ರಾತ್ರಿಯೂ.

ಗುಟ್ಟೇನು ಎಂದು ಕೇಳಿದೆ.
ಸ್ಟೇಷನ್ನಿನಿಂದ ಸೇತುವೆಯವರೆಗೆ ಯೋಚಿಸಿದ.
"ಬೇಗ ಬಿಚ್ಚಿ ಎಂದು ಒಂದು ದಿನವೂ ಕೇಳಲಿಲ್ಲ.
ಐದು ಗಂಟೆ ಅಂದರೆ ಐದು ಗಂಟೆ."
ಸೇತುವೆ ದಾಟಿದ ಮೇಲೆ ಅಂದ:
"ನನ್ನ ಜೊತೆ ಶುರು ಮಾಡಿದ ಆರು ಜನರೂ ಕೇಳಿರಲಿಲ್ಲ."

ಕಳೆದ ವರ್ಷ ಪಟ್ಟಣದಿಂದ ಒಬ್ಬ ಎಳೆಯ ಡಾಕ್ಟರು ಬಂದಿದ್ದ.
ಯಾರು ಎಷ್ಟು ದಿನ ಬಾಳುತ್ತಾರೆ, ಯಾವುದರಿಂದ, ಎಂದು ತಿಳಿಯಲು
ವಯಸ್ಸು, ಸಕ್ಕರೆ, ಹೃದಯ, ಕೈಯಲ್ಲೋ ಕತ್ತಿನಲ್ಲೋ ನಳಿಕೆ,
ಒಂದೊಂದಕ್ಕೂ ಒಂದೊಂದು ಕಾಲಮ್ಮು.
ಆ ಹಾಳೆಯ ಪ್ರಕಾರ ಚಿಸೆ ಅಜ್ಜಿ
ಎಂದೋ ಹೋಗಿರಬೇಕಿತ್ತು:
ಎಂಬತ್ತನಾಲ್ಕು, ಸಕ್ಕರೆ ಕಾಯಿಲೆ, ಎರಡು ಬೆರಳಿಲ್ಲದ ಬಲಗಾಲು.
ಅವಳಿಗೊಂದು ಕ್ಷೌರದಂಗಡಿ. ಮಂಗಳ, ಗುರು ಈಗಲೂ ತೆರೆಯುತ್ತಾಳೆ.
ಹಿಮ ಗುಡಿಸುವ ಲಾರಿ ಬೆಳಗಿನ ಜಾವ ಬೀದಿಯನ್ನೆಲ್ಲ ಚೊಕ್ಕ ಮಾಡಿ
ಅವಳ ಬಾಗಿಲಿಗೊಂದು ಗೋಡೆ ಕಟ್ಟಿ ಹೋಗುತ್ತದೆ.
ಆ ಗೋಡೆ ಯಾರು ಒಡೆಯುತ್ತಾರೆಂದು ಹಾಳೆಯಲ್ಲಿ ಕೇಳಿರಲಿಲ್ಲ.

ಇಪ್ಪತ್ತು ನಿಮಿಷ ಮುಂಚೆ ಹೋಗುತ್ತೇನೆ, ಮೀಟರು ಹಾಕದೆ.
ಡಿಕ್ಕಿಯಲ್ಲಿ ಸಲಿಕೆ. ಬದಲಿಗೆ ತಿಂಗಳಿಗೊಂದು ಕ್ಷೌರ ಬಿಟ್ಟಿ;
ಯಂತ್ರದ ದಿನ ಕತ್ತರಿ ಮುಟ್ಟುವುದಿಲ್ಲ, ಕೈ ನಡುಗುತ್ತದಂತೆ.

ಈ ಸೋಮವಾರ ಕಿಟಕಿಯಲ್ಲಿ ದೀಪ ಇರಲಿಲ್ಲ.
ಕಡಲಿನಿಂದ ಗಾಳಿ ಅಡ್ಡಡ್ಡ ಬೀಸುತ್ತಿತ್ತು.
ಸಲಿಕೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕಲ್ಲಿಗೆ ತಾಗಿಸಿದೆ,
ಮತ್ತೆ ತಾಗಿಸಿದೆ.
ನಾಲ್ಕನೆಯ ಸಲಕ್ಕೆ ಕಿಟಕಿ ಸರಿಯಿತು.
"ಮೂತ್ರಪಿಂಡ ಹೋಗಿದ್ದು ಕಣೋ, ಕಿವಿ ಅಲ್ಲ!"

ಬಾಗಿಲು ಹಿಡಿದು ನಿಂತೆ. ಬಗ್ಗಿ ನೋಡಿದೆ:
ಎಡಗಾಲು ಬೂಟಿನೊಳಗೆ ಪೂರ್ತಿ ಇಳಿದಿದೆ,
ಬಲಗಾಲು ಅರ್ಧ.
ಹೀಟರ್ ಹಚ್ಚಿದೆ. ದಾರಿ ಹನ್ನೊಂದು ನಿಮಿಷ.