ಜಮಾ ರಸೀದಿ

ಕೋವಿ ಅಗ್ಗಕ್ಕೇ ಸಿಕ್ಕಿತು. ದುಬಾರಿಯಾದದ್ದು ಅದರ ಕಾಗದ.
ಎರಡು ವರ್ಷ, ಹನ್ನೊಂದು ಸಲ ಶಿವಮೊಗ್ಗದ ಬಸ್ಸು,
ನಾನು ಹುಚ್ಚಿಯಲ್ಲವೆಂದು ಡಾಕ್ಟರ ಸಹಿ.
ಯಾರಿಂದಾದರೂ ಅಪಾಯವಿದೆಯೇ ಎಂಬ ಕಾಲಮ್ಮಿಗೆ
ಏನು ಬರೆಯಲಿ ಅಂದರೆ
ಗುಮಾಸ್ತ ತಲೆಯೆತ್ತದೆ ಹೇಳಿದ:
"ಇದೆ ಅಂತ ಬರೀರಿ. ಇಲ್ಲದಿದ್ರೆ ಯಾಕೆ ಕೊಡ್ತಾರೆ?"

ಬರೆದೆ. ಅವತ್ತಿನಿಂದ ಇದೆ.

ಕಾರಣವಿರಲಿಲ್ಲ ಅಂತಲ್ಲ.
ರಿಪ್ಪನ್‌ಪೇಟೆ ರಸ್ತೆಯ ನಮ್ಮ ಪೆಟ್ರೋಲ್ ಬಂಕಿನ ದುಡ್ಡು
ದಿನಾ ರಾತ್ರಿ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಮನೆಗೆ ಬರುವುದು.
ಆಚೆ ಬಂಕಿನ ಹುಡುಗ ಜಿನೇಂದ್ರನಿಗೆ
ಆಷಾಢದಲ್ಲಿ ಕಬ್ಬಿಣದ ರಾಡು ಬಿತ್ತು;
ಇವತ್ತಿಗೂ ಅವನು ಎಡಗಡೆಯಲ್ಲೇ ಅಗಿಯುತ್ತಾನೆ.

ಶಿವಮೊಗ್ಗದ ಗಲ್ಲಿಯಲ್ಲಿ ಬುಡನ್ ಸಾಬರ ಅಂಗಡಿ.
ಒಂಟಿ ನಳಿಗೆ, ಮೂರನೇ ಕೈ,
ಸೀಳಿದ ಹಿಡಿಗೆ ತಾಮ್ರದ ತಂತಿ ಸುತ್ತಿದೆ.
"ಇದು ಸಾಕಾಗಲ್ವಾ ಸಾಬ್ರೆ?"
"ಹತ್ತರಲ್ಲಿ ಏಳು ಸಲ ಹಾರುತ್ತೆ ತಾಯಿ.
ಉಳಿದ ಮೂರು ಯಾವುದು ಅಂತ ಮೊದಲೇ ಹೇಳೋ ಕೋವಿ ಬೇಕಂದ್ರೆ
ರೇಟು ಬೇರೆ."
ಎಣ್ಣೆ ಬಟ್ಟೆಯಿಂದ ನಳಿಗೆ ಒರೆಸುತ್ತ ಮತ್ತೆ ಅಂದರು:
"ಹಂದಿಗಾದ್ರೆ ಸಾಕು. ಬರೀ ಟಕ್ ಅಂದರೂ ಓಡುತ್ತೆ.
ಮನುಷ್ಯ ಹಾಗಲ್ಲ, ಟಕ್ ಕೇಳಿದ ಮೇಲೆ ನಗ್ತಾನೆ."

ಹೀರೇಕಾಯಿಗೆ ಚೌಕಾಸಿ ಮಾಡುವ ಬಾಯಿ ಇದು.
ಐನೂರು ಇಳಿಸಿದೆ.
ಏಳರಲ್ಲೊಂದು ಅಲ್ಲೇ ಉದುರಿತೋ ಏನೋ.

ನೀರನ್ನೂ ಸೋಸಿ ಕುಡಿಯುವ ಮನೆ ನಮ್ಮದು,
ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ.
ಸುಮತಿ ಅತ್ತೆ ಬಯ್ಯಲಿಲ್ಲ.
ಗೋಣಿ ಬಿಚ್ಚುವುದನ್ನು ನೋಡಿ ಒಂದೇ ಕೇಳಿದರು:
"ದೇವರ ಕೋಣೆಯಿಂದ ಎಷ್ಟು ದೂರ ಇಡಬೇಕೇ, ಪದ್ದು, ಇದನ್ನ?"

ಕೋವಿ ಬೀರುವಿನೊಳಗೆ. ಬೀರುವಿನ ಕೀ ದಿಂಬಿನಡಿ.
ತೋಟಾ ಸಾಸಿವೆ ಡಬ್ಬಿಯಲ್ಲಿ, ತೇವ ತಾಗದ ಹಾಗೆ.
ದೀಪ ಆರಿಸಿ ಅಭ್ಯಾಸ ಮಾಡಿದೆ:
ಕೀ, ಬೀರು, ಡಬ್ಬಿ, ಮುರಿ, ತುಂಬು, ಮುಚ್ಚು.
ಎಪ್ಪತ್ತು ಎಣಿಸುವಷ್ಟು ಹೊತ್ತು.
ಅಲ್ಲಿಯವರೆಗೆ ಕಳ್ಳ ಚಪ್ಪಲಿ ಬಿಟ್ಟು
ಜಗಲಿಯಲ್ಲಿ ಕೂತಿರಬೇಕು, ಬೆಲ್ಲ ನೀರು ಕುಡಿಯುತ್ತ.

ತೀರ್ಥಹಳ್ಳಿಯ ಮದುವೆಯಿಂದ ಊಟ ಮುಗಿಸಿ ಅವತ್ತೇ ಓಡಿ ಬಂದೆ.
ಮನೆಯಲ್ಲಿ ಅದೊಂದೇ ಇದೆಯಲ್ಲ.
ಯಾರಾದರೂ ಕದ್ದರೆ ಜೈಲಿಗೆ ಹೋಗುವವಳು ನಾನು.

ಒಂದು ರಾತ್ರಿ ಹೆಂಚಿನ ಮೇಲೆ ಸದ್ದು.
ಎಪ್ಪತ್ತನ್ನು ಐವತ್ತಕ್ಕೆ ಇಳಿಸಿ ನಿಂತೆ,
ಬೆರಳು ಕುದುರೆಯ ಮೇಲೆ.
ಕಬ್ಬೆಕ್ಕು. ಅದರ ಬಾಲ ಬೆಳಕಿಂಡಿಯಲ್ಲಿ ಹಾದು ಹೋಯಿತು.
ನಾನು ಹೆದರಿದ್ದು ಕಳ್ಳನಿಗಲ್ಲ,
ಬುಡನ್ ಸಾಬರ ಆ ಮೂರಕ್ಕೂ ಅಲ್ಲ.
ಏಳಕ್ಕೆ.
ಅತ್ತೆಯ ಕೋಣೆಯ ಕದ ಕಿರ್ರೆಂದು, ಮತ್ತೆ ಸುಮ್ಮನಾಯಿತು.

ಆಮೇಲೆ ಚುನಾವಣೆ ಬಂತು.
ಊರವರೆಲ್ಲ ಕೋವಿ ಠಾಣೆಗೆ ತಂದು ಒಪ್ಪಿಸಬೇಕು ಎಂದು ಆದೇಶ.
ಮದುವೆಮನೆ ಮೂಲೆಯ ಕೊಡೆಗಳ ಹಾಗೆ
ಗೋಡೆಗೊರಗಿ ನಿಂತಿದ್ದವು ಅಲ್ಲಿ.
ರೈಟರ್ ನಮ್ಮದಕ್ಕೆ ಚೀಟಿ ಕಟ್ಟಿದರು, ನಲವತ್ತಮೂರು,
ರಸೀದಿ ಹರಿದು ಕೊಟ್ಟರು.

ಎರಡು ತಿಂಗಳು ನಾನು ಮಲಗಿದ ನಿದ್ದೆ!
ಕಳ್ಳರಿಗೂ ಗೊತ್ತಿತ್ತು, ಕೋವಿಗಳೆಲ್ಲ ಒಳಗಿವೆ ಅಂತ.
ಆದರೂ ಬಂದೇ ಬಿಡುತ್ತಿತ್ತು ನಿದ್ದೆ, ಎಂಟೂವರೆಗೆ.

ಎಣಿಕೆ ಮುಗಿಯಿತು, ಗೆದ್ದವರು ಪಟಾಕಿ ಹೊಡೆದರು.
ಠಾಣೆಯಿಂದ ಫೋನು:
"ಮೇಡಂ, ನಿಮ್ದೊಂದೇ ಉಳಿದಿರೋದು, ತಗೊಂಡು ಹೋಗಿ."
ನಾಳೆ ಅಂದೆ.
ಮೊನ್ನೆಯೂ ನಾಳೆ ಅಂದೆ.
ರಸೀದಿ ಡಿಕ್ಕಿಯಲ್ಲಿದೆ, ನೋಟಿನ ಕಟ್ಟುಗಳ ಜೊತೆ,
ಪೆಟ್ರೋಲ್ ವಾಸನೆ ಹತ್ತಿಸಿಕೊಂಡು.

ನಿನ್ನೆ ಮರದ ಲಾರಿಯ ಧರಣಪ್ಪನವರು ಕೇಳಿದರು,
"ಅಗ್ಗದ್ದೊಂದು ಸಿಗ್ತಾ ಇದೆ. ತಗೋಬಹುದಾ?"
"ಮುಂದಿನ ಚುನಾವಣೆ ಯಾವಾಗ ಅಂತ ವಿಚಾರಿಸಿ, ಆಮೇಲೆ ತಗೊಳ್ಳಿ."
ಅವರು ನಕ್ಕರು. ನಾನು ನಗಲಿಲ್ಲ.
ಪೈಪು ಟ್ಯಾಂಕಿಗಿಟ್ಟು, ಮೀಟರಿನ ಕಡೆ ಕೈ ತೋರಿಸಿ
ದಿನಕ್ಕೆ ಇನ್ನೂರು ಸಲ ಹೇಳುವುದನ್ನೇ ಹೇಳಿದೆ:
ಸೊನ್ನೆ ನೋಡಿಕೊಳ್ಳಿ.