ನಾಲ್ಕನೇ ಘಾತ

ನಮ್ಮ ಚಾಳಿಗೆ ನೀರು ಬರುವುದು ನಸುಕಿನ ನಾಲ್ಕೂವರೆಗೆ.
ಮೊದಲು ಗಾಳಿ, ಮುದುಕ ಕೆಮ್ಮಿದ ಹಾಗೆ,
ಆಮೇಲೆ ತುಕ್ಕು, ಆಮೇಲೆ ನೀರು.
ಮೂವತ್ತೈದು ನಿಮಿಷ. ಹದಿನೆಂಟು ಮನೆ.
ಕೊಡದ ಪಾಳಿಯಲ್ಲಿ ನಿಂತೇ ಓದುತ್ತೇನೆ
ಮೊಬೈಲಿನ ಬೆಳಕು ಹಿಡಿದು:
ಡಯಾಲಿಸಿಸ್ ತಂತ್ರಜ್ಞರಿಗೆ ಭೌತಶಾಸ್ತ್ರ, ಮೊದಲ ಸೆಮಿಸ್ಟರು.
ಜೆರಾಕ್ಸ್ ಪ್ರತಿ. ನಲವತ್ತೊಂದನೇ ಪುಟ ಅರ್ಧ ಮಸಿ.

ಸಾಯನ್ ಕೋಳಿವಾಡದ ಪಾಲಿಕೆಯ ಕನ್ನಡ ಶಾಲೆಯಲ್ಲಿ
ಹತ್ತು ಮುಗಿಸಿ ಹದಿನಾರು ವರ್ಷ.
ನಡುವೆ ಒಂದು ಮದುವೆ, ಒಬ್ಬ ಮಗ,
ಮೂರು ಆಸ್ಪತ್ರೆಗಳಲ್ಲಿ ಆಯಾ ಕೆಲಸ,
ರಾತ್ರಿ ಶಾಲೆಯಲ್ಲಿ ತೂಕಡಿಸಿ ದಾಟಿದ ಹನ್ನೆರಡು.
ಬೆಡ್‌ಪ್ಯಾನು ಎತ್ತುವವಳನ್ನು
ಯಾರೂ ಸೂತ್ರ ಕೇಳಿರಲಿಲ್ಲ.

ಕಾರಖಾನೀಸ್ ಸರ್ ಬೋರ್ಡಿನ ಮೇಲೆ ಕೊಳವೆ ಬರೆದರು,
ಎರಡು ಗೆರೆ, ನಡುವೆ ಬಾಣ.
"ಇದು ರಕ್ತನಾಳ. ಬೇಕಾದರೆ ಸೂಜಿ ಅನ್ನಿ.
ರೇಡಿಯಸ್ ಅರ್ಧವಾದರೆ ಹರಿವು ಎಷ್ಟು?"
ಹತ್ತೊಂಬತ್ತರ ಹುಡುಗರು ಕೂಗಿದರು: ಅರ್ಧ! ಕಾಲು!
ರೇಡಿಯಸ್ ಅಂದರೇನೆಂದು ಕೇಳಲು ನನಗೆ ನಾಚಿಕೆ.
ಸರ್ ನನ್ನ ಮುಖ ಓದಿ ಮರಾಠಿಗೆ ಇಳಿದರು:
"ತ್ರಿಜ್ಯಾ, ತಾಈ, ತ್ರಿಜ್ಯಾ."

ಅಯ್ಯೋ, ತ್ರಿಜ್ಯ! ನನ್ನ ತಗಡಿನ ಕಂಪಾಸು ಪೆಟ್ಟಿಗೆ,
ಮೊಂಡು ಪೆನ್ಸಿಲು, ಕಾಗದಕ್ಕೆ ಕೈವಾರ ಚುಚ್ಚಿದ ತೂತು.
ಮನೆಯ ಮಾತು ಪಕ್ಕದ ಮನೆಯ ಸೀರೆ ಉಟ್ಟು
ಬಾಗಿಲಲ್ಲಿ ನಿಂತಿತ್ತು.

ಉತ್ತರ, ಹದಿನಾರರಲ್ಲಿ ಒಂದು ಪಾಲು.
ಅರ್ಧದ ಅರ್ಧದ ಅರ್ಧದ ಅರ್ಧ.

ಆಗ ಹೊಳೆಯಿತು ಗಾವಡೆಯವರ ಮನೆಯ ಗುಟ್ಟು.
ಗಣಪತಿ ಹಬ್ಬದ ಮುಂಚೆ, ಚಾಳು ಮಲಗಿದ ಮೇಲೆ,
ಪ್ಲಂಬರನನ್ನು ಕರೆಸಿ
ಅರ್ಧ ಇಂಚಿನ ಪೈಪು ಕಿತ್ತು ಒಂದಿಂಚಿನದು ಕೂರಿಸಿದ್ದರು.
ಎರಡು ಪಾಲು ಕದ್ದಿರಿ ಎಂದು ಜಗಳ ತೆಗೆದಿದ್ದೆವು.
ಎರಡಲ್ಲ ಸುಲೋಚನಾಬಾಯಿ, ಹದಿನಾರು!
ಇಡೀ ಚಾಳು ಜಗಳದಲ್ಲಿ ಗೆದ್ದು
ಲೆಕ್ಕದಲ್ಲಿ ಸೋತಿತ್ತು.

ಸರ್‌ಗೆ ಹೇಳಿದೆ, ಸ್ವಲ್ಪ ಜಂಬದಿಂದಲೇ.
ನಕ್ಕರು, ಒಪ್ಪಲಿಲ್ಲ.
"ಅದು ಸದ್ದಿಲ್ಲದ ಹರಿವಿನ ಸೂತ್ರ, ತಾಈ.
ಪದರದ ಮೇಲೆ ಪದರ ಜಾರಬೇಕು, ರೇಷ್ಮೆಯ ಥಾನಿನಂತೆ.
ನಿಮ್ಮ ನಲ್ಲಿಯದು ಸುಳಿ, ಗಲಾಟೆ.
ಈ ಬೋರ್ಡಿಗೆ ಸಿಗುವುದಿಲ್ಲ."

ದಾರಿಯುದ್ದಕ್ಕೂ ಸಿಟ್ಟು.
ಪರೇಲಿನ ಪಾದಚಾರಿ ಸೇತುವೆಯಲ್ಲಿ ಏಳು ಗಂಟೆಯ ಜನ,
ಮೊಣಕೈಗೆ ಮೊಣಕೈ, ಡಬ್ಬಿಗೆ ಬೆನ್ನು,
ಒಬ್ಬರೂ ಪದರವಲ್ಲ.
ನಮಗೆ ಅನ್ವಯಿಸದ ನಿಯಮಕ್ಕೆ
ನಾನೇಕೆ ಫೀಸು ಕಟ್ಟಲಿ?

ಪ್ರಾಕ್ಟಿಕಲ್‌ಗೆ ವಾರ್ಡು. ಮೂರನೇ ಹಾಸಿಗೆ, ಬಾಪ್ಟಿಸ್ಟಾ ಅಂಕಲ್,
ಬಂದರಿನಲ್ಲಿ ಮೂವತ್ತು ವರ್ಷ ಕ್ರೇನು ಓಡಿಸಿದವರು.
ನ್ಯೂಟನ್ ಗೊತ್ತಿಲ್ಲ, ಟನ್ನು ಕಣ್ಣಳತೆ.
ಎಡಗೈಯಲ್ಲಿ ಫಿಸ್ಟುಲಾ. ಧಮನಿಯನ್ನು ಸಿರೆಗೆ ಹೊಲಿದು
ಮಾಡಿದ ಅಡ್ಡದಾರಿ,
ಇಲ್ಲಿಗೂ ಯಾರೋ ಪ್ಲಂಬರನನ್ನು ಕರೆಸಿದ್ದರು.
"ಚುಚ್ಚುವ ಮುಂಚೆ ಕೇಳು," ಅಂದರು ಸಿಸ್ಟರ್.
"ಸದ್ದಿರಬೇಕು. ಇಲ್ಲದಿದ್ದರೆ ಸೂಜಿ ಕೆಳಗಿಟ್ಟು ಡಾಕ್ಟರಿಗೆ ಓಡು."

ಸ್ಟೆತಾಸ್ಕೋಪು ಇಟ್ಟೆ. ಮೊದಲು ಏನೂ ಇಲ್ಲ,
ಫ್ಯಾನು, ನನ್ನದೇ ಉಸಿರು.
ಎರಡು ಬೆರಳು ಸರಿಸಿದೆ.
ಅಲ್ಲಿತ್ತು: ಬುಸ್, ಬುಸ್, ನಿಲ್ಲದ ಬುಸ್ಸು,
ಎದೆಬಡಿತಕ್ಕೆ ಏರಿ ತುಸುವೇ ಇಳಿದು ಮತ್ತೆ ಏರುವ
ನಾಲ್ಕೂವರೆಯ ನಲ್ಲಿ.

"ಕ್ಯಾ ಬೋಲ್ತಾ ಹೈ?" ಅಂದರು ಅಂಕಲ್.
"ನೀರು ಬಂತು," ಅಂದೆ, ಬಾಯಿತಪ್ಪಿ, ಕನ್ನಡದಲ್ಲೇ.
ಎಲ್ಲ ತಿಳಿದವರಂತೆ ತಲೆಯಾಡಿಸಿ
ಗೋಡೆಯ ಕಡೆ ಮುಖ ತಿರುಗಿಸಿದರು. ಸೂಜಿ ನೋಡಲಾರರು.

ಪರೀಕ್ಷೆಯಲ್ಲಿ ಬಂತು: ಪದರ ಹರಿವು, ಸುಳಿ ಹರಿವು,
ವ್ಯತ್ಯಾಸ ತಿಳಿಸಿ, ಐದು ಅಂಕ.
ಮೂರು ಸಿಕ್ಕಿತು. ಉದಾಹರಣೆಯ ಜಾಗದಲ್ಲಿ
ಬಾಪ್ಟಿಸ್ಟಾ ಎಂದು ಬರೆದು, ಹೊಡೆದುಹಾಕಿದ್ದೆ.

ಗಾವಡೆಯವರ ಪೈಪು ಹಾಗೇ ಇದೆ.
ನಾಳೆ ನನ್ನ ಪಾಳಿ ಹನ್ನೊಂದನೆಯದು.