ಟರ್ನೋವರ್ ಲೆಕ್ಕ

ಸೊಹಾರಿನ ಈ ಕಾಲೇಜಿನಲ್ಲಿ ನನ್ನ ಕೆಲಸ
ಕೆಮಿಸ್ಟ್ರಿ ಲ್ಯಾಬಿನ ಗಾಜು ತೊಳೆಸುವುದು,
ಒಡೆದದ್ದನ್ನು ಬರೆದಿಡುವುದು.
ಅದಕ್ಕೇ ಇರಬೇಕು, ಕೋಚ್ ವಿದಾದ್ ಒಂದು ಸಂಜೆ
ಪೆನ್ಸಿಲು, ಉದ್ದ ಪುಸ್ತಕ ಕೈಗಿಟ್ಟು ಹೇಳಿದಳು:
ಬುಟ್ಟಿಗೆ ಬಿದ್ದದ್ದನ್ನು ಎಲ್ಲರೂ ಎಣಿಸುತ್ತಾರೆ,
ನೀನು ಕಳಕೊಂಡದ್ದನ್ನು ಎಣಿಸು.

ನಾನು ಆಡಿದ್ದು ಥ್ರೋಬಾಲ್, ಮೂಡುಬಿದಿರೆಯ ಶಾಲೆಯಲ್ಲಿ.
ಅಲ್ಲಿ ಚೆಂಡು ಹಿಡಿದವಳು ಮೂರೇ ಸೆಕೆಂಡಿಗೆ ಬಿಡಬೇಕು,
ಇಟ್ಟುಕೊಳ್ಳುವ ಆಸೆಗೆ ಪುರುಸೊತ್ತಿಲ್ಲ.
ಇಲ್ಲಿ ಇಟ್ಟುಕೊಳ್ಳಬೇಕು, ನೆಲಕ್ಕೆ ಬಡಿಯುತ್ತ, ಬಡಿಯುತ್ತ,
ಕೈಸಾಲದ ದುಡ್ಡಿನ ಹಾಗೆ:
ನಿನ್ನದೇ, ಆದರೆ ಎಷ್ಟು ಹೊತ್ತು?

ಗಂಡನ ಟಯರು ಅಂಗಡಿಯಲ್ಲಿ ಟರ್ನೋವರ್ ಏರಿದ ತಿಂಗಳು
ಮನೆಗೆ ಅಂಜಲ್ ಮೀನು ಬರುತ್ತದೆ.
ಇಲ್ಲಿ ಅದೇ ಮಾತಿಗೆ ವಿದಾದ್
ತಲೆ ಹಿಡಿದು ಕೂರುತ್ತಾಳೆ.

ಶಂಸಾ ಮಿಂಚು. ಮಿಂಚಿನ ಕೈಗೆ ಚೆಂಡು ಕೊಟ್ಟರೆ
ಏನಾಗಬೇಕೋ ಅದೇ ಆಗುತ್ತದೆ:
ಒಬ್ಬಳನ್ನು ದಾಟಿ, ಇನ್ನೊಬ್ಬಳನ್ನು ದಾಟಿ,
ಕೊನೆಗೆ ತನ್ನನ್ನೇ ದಾಟಿ ಹೋಗುತ್ತಾಳೆ,
ಚೆಂಡು ಹಿಂದೆಲ್ಲೋ ಉಳಿಯುತ್ತದೆ.
ಗಾಲಿಯಾ ಎಸೆಯುವುದು
ಗೆಳತಿ ಆಗಷ್ಟೇ ಬಿಟ್ಟುಹೋದ ಜಾಗಕ್ಕೆ.
ರಯ್ಯಾ ಗೆರೆ ತುಳಿಯುತ್ತಾಳೆ,
ತುಳಿದೇ ಇಲ್ಲವೆಂದು ಆಣೆ ಹಾಕುತ್ತಾಳೆ.
ಗೀಟು, ಗೀಟು, ಐದಾದರೆ ಅಡ್ಡಗೀಟು,
ಗೋಡೆಯ ಮೇಲಿನ ಹಾಲಿನ ಲೆಕ್ಕದ ಹಾಗೆ.

ನನ್ನ ಹೆಸರೂ ಇವರ ಕೈಯಲ್ಲಿ ಉಳಿಯಲಿಲ್ಲ.
ವಾರಿಜ ಎಂದು ಕೊಟ್ಟದ್ದನ್ನು
ವರ್ದಾ ಮಾಡಿ ವಾಪಸು ಕೊಟ್ಟರು,
ತಾವರೆ ಹೋಗಿ ಗುಲಾಬಿ ಬಂತು.
ಅದಕ್ಕೆ ಗೀಟು ಹಾಕಲಿಲ್ಲ.

ನಿಜ್ವಾದವರು ಬಂದ ರಾತ್ರಿ ಹಾಲಿನ ಎರಡು ಏಸಿಗಳಲ್ಲಿ
ಒಂದು ಕೆಮ್ಮುತ್ತಿತ್ತು.
ಅರ್ಧ ಆಟಕ್ಕೇ ಹದಿನಾರು ಗೀಟು.
ವಿದಾದ್ ಬೈಯಲಿಲ್ಲ, ನನ್ನ ಪುಸ್ತಕ ತೆರೆದು
ಮಕ್ಕಳ ನಡುವೆ ನೆಲದ ಮೇಲಿಟ್ಟಳು.
ಯಾರೂ ನೀರು ಕುಡಿಯಲಿಲ್ಲ.
ಬೆನ್ನಟ್ಟಿ ಬೆನ್ನಟ್ಟಿ ಎದುಸಿರು ಬಂದಿತ್ತು ಅವಕ್ಕೆ.

ಆಗ ನಾನು, ಕೇಳದೆ ಮಾತಾಡಬಾರದವಳು,
ಹರಕು ಅರಬ್ಬಿಯಲ್ಲಿ ಹೇಳಿಬಿಟ್ಟೆ:
ನಮ್ಮ ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು
ಅಟ್ಟುವುದಿಲ್ಲ, ಬರಗೊಡುತ್ತಾರೆ.
ಒಳಗೆ, ಇನ್ನೂ ಒಳಗೆ, ಮೂಲೆಗೆ.
ಬಾಗಿಲು ಹಾಕುವುದು ಆಮೇಲೆ.
ವಿದಾದ್ ನನ್ನನ್ನೇ ನೋಡಿದಳು,
ಸೀಮೆಸುಣ್ಣ ಹುಡುಕಿದಳು.

ಮುಂದೆ ಇಬ್ಬರು, ಹಿಂದೆ ಮೂವರು,
ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವವರ ಹಾಗೆ
ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ, ಅವಸರವಿಲ್ಲದೆ.
ಅಂಚಿನ ಗೆರೆಯೇ ಆರನೆಯ ಆಟಗಾರ್ತಿ,
ಅದಕ್ಕೆ ಸುಸ್ತಿಲ್ಲ.
ನಿಜ್ವಾದ ಎತ್ತರದ ಹುಡುಗಿ ಮೂಲೆಗೆ ಬಂದು
ಚೆಂಡು ತಲೆಮೇಲೆತ್ತಿ ದಾರಿ ಹುಡುಕುವಾಗ
ಅವಳ ಕಣ್ಣಲ್ಲಿ ಕಂಡದ್ದು ನನಗೆ ಪರಿಚಿತ,
ಏರ್‌ಪೋರ್ಟಿನಲ್ಲಿ ಮೊದಲ ದಿನ ನನ್ನದೂ ಹಾಗೇ ಇತ್ತು.
ಎಸೆದಳು. ಥುರಯ್ಯಾಳ ಬೆರಳ ತುದಿ.
ಎದುರು ಪುಟದಲ್ಲೂ ಗೀಟು ಹುಟ್ಟತೊಡಗಿದವು.

ಉಳಿದದ್ದು ಎಂಟು ಸೆಕೆಂಡು, ಒಂದು ಅಂಕ ಹಿಂದೆ.
ಶಂಸಾ ಕದ್ದಳು! ಮುಂದೆ ಖಾಲಿ ನೆಲ.
ಆದರೆ ಅವಳು, ದೇವರೇ, ಮೊದಲ ಬಾರಿಗೆ ನಿಂತಳು,
ತಲೆಯೆತ್ತಿ ನೋಡಿದಳು, ಕಲಿಸಿದ ಹಾಗೆ,
ಗಾಲಿಯಾ ಓಡಿ ತಲುಪಬೇಕಾದ ಜಾಗಕ್ಕೆ
ಸರಿಯಾಗಿ, ಅಳತೆ ಮಾಡಿದಷ್ಟು ಸರಿಯಾಗಿ ಬಿಟ್ಟಳು.
ಗಾಲಿಯಾ ಓಡಿರಲಿಲ್ಲ.
ಗೆಳತಿ ಕದ್ದ ಖುಷಿಗೆ
ನಿಂತಲ್ಲೇ ಚಪ್ಪಾಳೆ ತಟ್ಟುತ್ತಿದ್ದಳು.

ಚೆಂಡು ಗೋಡೆ ಬಡಿದು ನೀರಿನ ಬಾಟಲಿಗಳನ್ನುರುಳಿಸಿತು.
ಎಸೆದವಳ ಹೆಸರಿಗೆ ಎನ್ನುತ್ತದೆ ನಿಯಮ.
ಪೆನ್ಸಿಲು ಸ್ವಲ್ಪ ಹೊತ್ತು ನನ್ನ ಮಾತು ಕೇಳಲಿಲ್ಲ.
ಆಮೇಲೆ ಬರೆದೆ, ತೆಳ್ಳಗೆ.

ಗಂಡಸರಿಗೆ ಒಳಗೆ ಪ್ರವೇಶವಿಲ್ಲ, ಗಂಡ ಹೊರಗೆ
ಪಿಕಪ್ಪಿನ ಏಸಿ ಹಾಕಿಕೊಂಡು ಅರೆನಿದ್ದೆಯಲ್ಲಿದ್ದ.
ಟರ್ನೋವರ್ ಎಷ್ಟಾಯಿತು?
ಇಪ್ಪತ್ತೆರಡು, ಅಂದೆ.
ಭೇಷ್, ಅಂದು ಗೇರು ಹಾಕಿದ.
ತಿದ್ದಲಿಲ್ಲ ನಾನು. ಬಂದರಿನ ದೀಪಗಳವರೆಗೂ
ಮಡಿಲಲ್ಲಿ ಪುಸ್ತಕ ತೆರೆದೇ ಇತ್ತು.